ತೋಟದ ಪ್ರಶ್ನೆ, ಗಿಡದ ಉತ್ತರ

ಪ್ರಶ್ನೆ: ತಾತ ಹಾಕಿದ ಎಸ್-795 ಕಾಫಿ ಗಿಡಗಳಿಗೆ ಮೊದಲು ಎಲೆ ತುಕ್ಕು ಬರುತ್ತಲೇ ಇರಲಿಲ್ಲವಂತೆ. ಈಗ ವರ್ಷವೂ ಬರುತ್ತಿದೆ. ತಳಿ ಕೆಟ್ಟಿತಾ?
*– ಒಬ್ಬ ಬೆಳೆಗಾರ, ಸಕಲೇಶಪುರ*

ಉತ್ತರ: ತಳಿ ಕೆಟ್ಟಿಲ್ಲ. ಗಿಡ ಅದೇ, ಬದಲಾಗಿದ್ದು ರೋಗ.

ನಮ್ಮದೂ ಮೂಡಿಗೆರೆ ಕಡೆಯ ತೋಟ. ಮಳೆ ಬಿಟ್ಟ ಮೇಲೆ ಅಪ್ಪ ಒಂದೊಂದೇ ಎಲೆ ಮಗುಚಿ ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟುತ್ತಿತ್ತು. "ಬಂತು" ಅನ್ನುತ್ತಿದ್ದರು, ಅಷ್ಟೇ. ಆ ದಿನ ಊಟ ಸೇರುತ್ತಿರಲಿಲ್ಲ. ಆ ಪುಡಿಯೇ ಶಿಲೀಂಧ್ರದ ಬೀಜಕಣ. ಕಾಫಿ ಎಲೆ ಉಸಿರಾಡುವ ರಂಧ್ರಗಳು ಇರುವುದು ಅಡಿಭಾಗದಲ್ಲಿ. ರೋಗ ಒಳಹೋಗುವುದೂ ಅಲ್ಲಿಂದಲೇ.

ನಿಮಗೆ ಬಂದ ಅನುಮಾನ ಹಿಂದಿನವರಿಗೂ ಬಂದಿತ್ತು. 1911ರ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ಪ್ಲಾಂಟರ್ ತಮ್ಮ ತೋಟದಲ್ಲಿ ತುಕ್ಕು ತಡೆಯುವ ಗಿಡವೊಂದನ್ನು ಆರಿಸಿದರು. ಅದೇ ಕೆಂಟ್ಸ್ ತಳಿ. ಎಲ್ಲರೂ ಹಾಕಿದರು. ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. 1930ರ ದಶಕದಲ್ಲಿ ಅಲ್ಲಿದ್ದ ಡಬ್ಲ್ಯೂ. ಡಬ್ಲ್ಯೂ. ಮೇನ್ ಕಾರಣ ಹಿಡಿದರು. ತುಕ್ಕು ನೋಡಲು ಒಂದೇ, ಒಳಗೆ ಹಲವು ಬಗೆ. ಒಂದು ಬಗೆ ಕೆಂಟ್ಸ್ ಮುಟ್ಟುವುದಿಲ್ಲ, ಇನ್ನೊಂದು ಬಿಡುವುದಿಲ್ಲ. ಕಾಫಿ ತುಕ್ಕಿನ ಈ ಗುಟ್ಟು ಹೊರಬಿದ್ದದ್ದು ನಮ್ಮ ಮಲೆನಾಡಿನಲ್ಲಿ ಅಂದರೆ ನನಗೆ ಈಗಲೂ ಹೆಮ್ಮೆ.

ತೋಟದ ಕಾವಲುಗಾರನನ್ನೇ ನೋಡಿ. ಮುಖ ಗೊತ್ತಿರುವ ಕಳ್ಳನನ್ನು ಅವನು ಹಿಡಿಯುತ್ತಾನೆ. ಹೊಸ ಮುಖ ಬಂದರೆ ಒಳಗೆ ಬಿಡುತ್ತಾನೆ. 1940ರ ದಶಕದಲ್ಲಿ ಅಮೆರಿಕದ ಎಚ್. ಎಚ್. ಫ್ಲೋರ್ ಅಗಸೆ ಗಿಡದ ತುಕ್ಕಿನಲ್ಲಿ ಕಂಡದ್ದೂ ಇದನ್ನೇ. ಗಿಡದಲ್ಲಿ ರೋಗ ತಡೆಯುವ ಒಂದೊಂದು ಕಾವಲು ಜೀನ್‌ಗೂ (ವಂಶವಾಹಿಗೂ) ಹೊಂದುವ ಒಂದು ಜೀನ್ ಶಿಲೀಂಧ್ರದಲ್ಲಿ ಇರುತ್ತದೆ. ಕಾವಲು ಗುರುತಿಸುವ ಮುಖ ಅದೇ. ನಿಮ್ಮ ಎಸ್-795 ಗಿಡದ ಒಂದು ಕಡೆಯ ಹಿರಿಯರು ಕೆಂಟ್ಸ್. ಇನ್ನೊಂದು ಕಡೆಯಿಂದ ದೊಡ್ಡೆಲೆಯ ಲೈಬೀರಿಕಾ ಕಾಫಿಯ ಕಾವಲು ಬಂದಿದೆ. ಅದು ಬಹಳ ಕಾಲ ತಡೆಯಿತು. ಈಗ ಅದನ್ನೂ ದಾಟುವ ಬಗೆಗಳು ಬಂದಿವೆ.

ಹಾಗಂತ ಗಿಡ ಕೀಳಬೇಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 200 ಲೀಟರ್ ನೀರಿನ ಬೋರ್ಡೋ ದ್ರಾವಣ ಸಾಕು. ಮುಂಗಾರಿಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಹೊಡೆಸಿ. ಸುಮ್ನೆ ಮೇಲಿಂದ ಹೊಡೆದರೆ ದುಡ್ಡು ದಂಡ. ಎಲೆಯ ಅಡಿಗೆ ಬೀಳಬೇಕು.

ಪ್ರಶ್ನೆ: ಪಾಠದಲ್ಲಿ ಅರಬಿಡಾಪ್ಸಿಸ್ ಎಂಬ ಕಳೆಯ ಹೆಸರು ಬರುತ್ತದೆ. ತಿನ್ನಲು ಬಾರದ ಗಿಡದ ಮೇಲೆ ಅಷ್ಟು ಸಂಶೋಧನೆ ಏಕೆ?
*– ಪಿಯುಸಿ ವಿದ್ಯಾರ್ಥಿನಿ, ಹಾಸನ*

ಉತ್ತರ: ಕಾಫಿ ಬೀಜ ನೆಟ್ಟರೆ ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ಸಾಸಿವೆ ಕುಟುಂಬದ ಈ ಪುಟ್ಟ ಗಿಡ ಆರು ವಾರಗಳಲ್ಲಿ ಬೀಜದಿಂದ ಬೀಜಕ್ಕೆ ಬರುತ್ತದೆ. ಜಾಗವೂ ಜಾಸ್ತಿ ಬೇಡ. ಜೀನ್ ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮ್, ಐದೇ ಜೊತೆ. 1943ರಲ್ಲೇ ಜರ್ಮನಿಯ ಫ್ರೀಡ್ರಿಕ್ ಲೈಬಾಕ್ ಇದು ಪ್ರಯೋಗಕ್ಕೆ ಒಳ್ಳೆಯ ಗಿಡ ಅಂದಿದ್ದರು. 2000ದಲ್ಲಿ ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್ಎ ಬರಹ, ಓದಿ ಪ್ರಕಟಿಸಿದರು. ಸಸ್ಯಗಳಲ್ಲಿ ಅದೇ ಮೊದಲನೆಯದು. ರೊಬಸ್ಟಾ ಕಾಫಿಯ ಸರದಿ ಬಂದದ್ದು 2014ರಲ್ಲಿ. ಮೇಲೆ ಹೇಳಿದ ಕಾವಲು ಜೀನ್ ಇದೆಯಲ್ಲ, ಅಂಥದ್ದೊಂದನ್ನು 1994ರಲ್ಲಿ ಈ ಕಳೆಯಿಂದಲೇ ಬೇರ್ಪಡಿಸಿದ್ದರು.

ಪ್ರಶ್ನೆ: ಕೊಳೆರೋಗ ಅನ್ನುವುದು ಇಂಗ್ಲಿಷ್ ಪುಸ್ತಕಗಳಲ್ಲೂ ಇದೆ. ಅದು ನಮ್ಮ ಪದವೇ?
*– ಓದುಗರು, ಕೊಪ್ಪ*

ಉತ್ತರ: ನಮ್ಮದೇ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ. ಸಿ. ಕುಕ್ ಕಾಫಿಯನ್ನು ಕೊಳೆಸುವ ಶಿಲೀಂಧ್ರಕ್ಕೆ 'ಪೆಲಿಕ್ಯುಲೇರಿಯಾ ಕೊಳೆರೋಗ' ಎಂದು ಹೆಸರಿಟ್ಟರು. ತೋಟದ ಆಳು ಆಡುವ ಮಾತು ಹಾಗೇ ಲ್ಯಾಟಿನ್ ಹೆಸರಿನೊಳಗೆ ಕೂತಿತು.