ಮುಟ್ಟಿನ ಮುಂಚೆ ದಮ್ಮು ಏರುವುದೇಕೆ?

ಪ್ರಶ್ನೆ: ನನಗೆ 31 ವರ್ಷ. ಧೂಳಿನ ಅಲರ್ಜಿ, ಅಸ್ತಮಾ ಇದೆ. ಮುಟ್ಟಿಗೆ ಮೂರು–ನಾಲ್ಕು ದಿನ ಇರುವಾಗ ರಾತ್ರಿ ಕೆಮ್ಮು, ಎದೆ ಬಿಗಿತ ಶುರುವಾಗುತ್ತದೆ. ಮನೆಯಲ್ಲಿ ‘ಎಲ್ಲ ನಿನ್ನ ಭ್ರಮೆ’ ಅನ್ನುತ್ತಾರೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಭ್ರಮೆಯಲ್ಲ. ಅಸ್ತಮಾ ಇರುವ ಮಹಿಳೆಯರಲ್ಲಿ ಶೇ 20ರಿಂದ 40ರಷ್ಟು ಮಂದಿ ಇದೇ ದೂರು ಹೇಳುತ್ತಾರೆ. ಮುಟ್ಟಿನ ಮುಂಚೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನುಗಳೆರಡೂ ಥಟ್ಟನೆ ಇಳಿಯುತ್ತವೆ. ಅದಕ್ಕೂ ಶ್ವಾಸನಾಳದ ಊತಕ್ಕೂ ನಂಟಿದೆ ಎಂಬುದು ತಜ್ಞರ ಅಂದಾಜು. ಆದರೆ ವೈದ್ಯರ ಮುಂದೆ ಬಾಯಿಮಾತಿಗಿಂತ ಲೆಕ್ಕ ಹೆಚ್ಚು ನಡೆಯುತ್ತದೆ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆಂದು ಅಳೆಯುವ ಪುಟ್ಟ ಸಾಧನ, ಒಂದು ಪೀಕ್ ಫ್ಲೋ ಮೀಟರ್ ಕೊಳ್ಳಿ. ಮುಳ್ಳನ್ನು ಸೊನ್ನೆಗೆ ತಂದು, ನಿಂತುಕೊಂಡು, ಉಸಿರು ತುಂಬಿಕೊಂಡು, ತುಟಿ ಬಿಗಿಹಿಡಿದು ಒಮ್ಮೆಲೇ ಜೋರಾಗಿ ಊದಿ. ಮೂರು ಸಲ ಊದಿ, ದೊಡ್ಡ ಅಂಕಿಯನ್ನು ಬರೆದಿಡಿ. ಬೆಳಿಗ್ಗೆ, ಸಂಜೆ, ಇನ್‌ಹೇಲರ್ ತೆಗೆದುಕೊಳ್ಳುವ ಮೊದಲೇ ಊದಬೇಕು. ಬೆರಳು ಮುಳ್ಳಿಗೆ ಅಡ್ಡ ಬಂದರೆ ಅಂಕಿ ಕಡಿಮೆ ಬರುತ್ತದೆ; ಉಗುಳುವ ಹಾಗೆ ಊದಿದರೆ ಸುಳ್ಳೇ ಹೆಚ್ಚಾಗುತ್ತದೆ. ಮುಟ್ಟಿನ ಮೊದಲ ದಿನಕ್ಕೊಂದು ಗುರುತು ಹಾಕಿ, ಎರಡು–ಮೂರು ತಿಂಗಳು ಬರೆಯಿರಿ. ನಿಮ್ಮ ಅತ್ಯುತ್ತಮ ಅಂಕಿಯ ಶೇ 80ಕ್ಕಿಂತ ಕೆಳಗೆ ಪ್ರತಿ ತಿಂಗಳೂ ಅದೇ ದಿನಗಳಲ್ಲಿ ಇಳಿದರೆ, ಪುಸ್ತಕ ತೋರಿಸಿ ಮದ್ದು ಬದಲಿಸಬೇಕೇ ಎಂದು ಕೇಳಿ. ಶೇ 50ಕ್ಕಿಂತ ಇಳಿದರೆ, ಅಥವಾ ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು ಬಂದರೆ, ಪುಸ್ತಕ ಬದಿಗಿಟ್ಟು ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಾತು. ಅದೇ ದಿನಗಳಲ್ಲಿ ಹೊಟ್ಟೆನೋವಿಗೆಂದು ಮೆಡಿಕಲ್ ಶಾಪಿನಿಂದ ಮೆಫೆನಾಮಿಕ್ ಆಸಿಡ್ ಅಥವಾ ಐಬುಪ್ರೊಫೆನ್ ನುಂಗುತ್ತೀರಾ? ಕೆಲವರಿಗೆ, ಅದರಲ್ಲೂ ಮೂಗಿನಲ್ಲಿ ಪಾಲಿಪ್ (ಮೃದುವಾದ ಗಂಟು) ಇರುವವರಿಗೆ, ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಕಟ್ಟಿ ದಮ್ಮು ಬರುತ್ತದೆ. ಆಗ ತಪ್ಪು ಮುಟ್ಟಿನದಲ್ಲ, ಮಾತ್ರೆಯದು. ಮಾತ್ರೆ ನುಂಗಿದ ಹೊತ್ತನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.

ಪ್ರಶ್ನೆ: ಮಗನಿಗೆ ಆರನೇ ವಯಸ್ಸಿನಿಂದ ಗೂರಲು ಇತ್ತು, ಹದಿನಾಲ್ಕಾದ ಮೇಲೆ ಬಹಳ ಇಳಿದಿದೆ. ಏನೂ ಇರದಿದ್ದ ಮಗಳಿಗೆ ಹದಿಮೂರಕ್ಕೆ ಶುರುವಾಗಿದೆ. ಇದೇನು ವಿಚಿತ್ರ?
– ಓದುಗರೊಬ್ಬರು, ಶಿರಸಿ

ಉತ್ತರ: ವಿಚಿತ್ರವೇನಲ್ಲ, ಬಹಳ ಕಡೆ ಕಾಣುವ ಚಿತ್ರವೇ ಇದು. ಚಿಕ್ಕ ಗಂಡುಮಕ್ಕಳ ಶ್ವಾಸನಾಳ ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ಕಿರಿದು. ಹಾಗಾಗಿ ಅವರಲ್ಲಿ ಅಸ್ತಮಾ ಹೆಚ್ಚು. ಪ್ರಾಯಕ್ಕೆ ಬಂದ ಮೇಲೆ ತಕ್ಕಡಿ ಹೆಣ್ಣುಮಕ್ಕಳ ಕಡೆ ವಾಲುತ್ತದೆ. ಶ್ವಾಸನಾಳದ ಗೋಡೆಯಲ್ಲಿ ಐಎಲ್‌ಸಿ–2 ಎಂಬ ರೋಗನಿರೋಧಕ ಕೋಶಗಳಿವೆ. ಧೂಳುನುಸಿ, ಪರಾಗ ತಾಕಿದಾಗ ಇವು ಐಎಲ್–5, ಐಎಲ್–13 ಎಂಬ ಸಂಕೇತಗಳನ್ನು ಹೊರಬಿಡುತ್ತವೆ. ಮೊದಲನೆಯದು ಊತ ತರುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತದೆ, ಎರಡನೆಯದು ಕಫ ಹೆಚ್ಚಿಸುತ್ತದೆ. ಗಂಡು ಹಾರ್ಮೋನು ಟೆಸ್ಟೊಸ್ಟಿರಾನ್ ಈ ಐಎಲ್‌ಸಿ–2 ಕೋಶಗಳಿಗೆ ಕಡಿವಾಣ ಹಾಕುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹಾಗೆಂದು ಹಾರ್ಮೋನೊಂದೇ ಕಾರಣವಲ್ಲ. ತೂಕ, ಒಲೆಯ ಹೊಗೆ, ವಂಶ ಎಲ್ಲವೂ ಸೇರುತ್ತವೆ. ಮಗಳಿಗೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಿ. ಮಗನ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ, ಇಳಿದದ್ದು ಮತ್ತೆ ಮರಳಬಹುದು.

ಪ್ರಶ್ನೆ: ಐದು ತಿಂಗಳ ಬಸುರಿ. ಮಗುವಿಗೆ ತೊಂದರೆಯೆಂದು ಇನ್‌ಹೇಲರ್ ಬಿಟ್ಟಿದ್ದೇನೆ. ಸರಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸರಿಯಲ್ಲ. ನಿಮಗೆ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಆ ಅಪಾಯ ಔಷಧಿಯದಕ್ಕಿಂತ ದೊಡ್ಡದು. ಅಸ್ತಮಾ ಇರುವ ಬಸುರಿಯರಲ್ಲಿ ಮೂರನೇ ಒಂದು ಪಾಲಿಗೆ ಅದು ಉಲ್ಬಣಿಸುತ್ತದೆ, ಇನ್ನೊಂದು ಪಾಲಿಗೆ ಇಳಿಯುತ್ತದೆ, ಉಳಿದವರಿಗೆ ಇದ್ದಂತೆಯೇ ಇರುತ್ತದೆ. ನೀವು ಯಾವ ಪಾಲಿಗೆ ಸೇರುತ್ತೀರೆಂದು ಮೊದಲೇ ಹೇಳಲಾಗದು. ಇವತ್ತೇ ವೈದ್ಯರಿಗೆ ಫೋನ್ ಮಾಡಿ, ನಿಲ್ಲಿಸಿರುವುದನ್ನು ಹೇಳಿ ಮತ್ತೆ ಶುರುಮಾಡಿ. ಇನ್‌ಹೇಲರಿಗೆ ಜೋಡಿಸುವ ಕೊಳವೆ, ಸ್ಪೇಸರ್ ಬಳಸಿ, ಒಂದು ಸಲಕ್ಕೆ ಒಂದೇ ಪಫ್. ನಿಧಾನವಾಗಿ ಎಳೆದು ಹತ್ತು ಸೆಕೆಂಡ್ ಹಿಡಿಯಿರಿ. ಸ್ಟಿರಾಯ್ಡ್ ಇನ್‌ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ.