ಇಪ್ಪತ್ತು ದಾಟಲ್ಲ ಅಂದಿದ್ರು, ದಾಟಿದ ಮೇಲಿನ ಬದುಕಿನ ಬಗ್ಗೆ ಒಂದಿಷ್ಟು

ನಿಮ್ಮ ಪ್ರಶ್ನೆ ಓದಿದೆ. ತಮ್ಮನಿಗೆ ಹದಿನೇಳು, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಮೈಯ ಸ್ನಾಯುಗಳೆಲ್ಲ ವರ್ಷ ಹೋದ ಹಾಗೆ ಸೋಲ್ತಾ ಬರೋ ಕಾಯಿಲೆ), ಚಿಕ್ಕವನಿದ್ದಾಗ್ಲೇ ಡಾಕ್ಟ್ರು ಇಪ್ಪತ್ತು ದಾಟೋದು ಕಷ್ಟ ಅಂದಿದ್ರು, ಈಗ ಅವ್ನು ಬೇರೆ ಊರಿನ ಕಾಲೇಜಿಗೆ ಸೇರ್ತೀನಿ ಅಂತ ಹಟ ಹಿಡಿದಿದಾನೆ, ಆಸೆ ಹುಟ್ಸಿ ಆಮೇಲೆ ನೋಯಿಸೋದಕ್ಕಿಂತ ಈಗ್ಲೇ ಬೇಡ ಅನ್ನೋದು ವಾಸಿನಾ ಅಂತ ಕೇಳಿದೀರ. ನನಗೂ ಅದೇ ಕಾಯಿಲೆ, ಈಗ ಇಪ್ಪತ್ತೊಂಬತ್ತು. ನನ್ನ ಉತ್ತರ: ಕಳ್ಸಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ. (ವಾಯ್ಸ್ ಟೈಪಿಂಗಲ್ಲಿ ಬರೀತಿರೋದು, ನನ್ನ ಉಸಿರಾಟದ ಮಷಿನ್ ಗಾಳಿ ಒತ್ತೋವಾಗ ಮಾತು ನಿಲ್ಲಿಸ್ಬೇಕು, ಅಲ್ಲಲ್ಲಿ ವಾಕ್ಯ ಎಲ್ಲೆಲ್ಲೋ ಹೋಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.)

ಮೊದ್ಲು ಆ ಇಪ್ಪತ್ತರ ಲೆಕ್ಕ. ಡಾಕ್ಟ್ರು ಸುಳ್ಳು ಹೇಳಿಲ್ಲ, ಹಳೇ ಲೆಕ್ಕ ಹೇಳಿದಾರೆ ಅಷ್ಟೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಅಲ್ಲಿಗೆ ಬರ್ತಿದ್ದ ಡುಶೆನ್ ಪೇಶೆಂಟ್‌ಗಳ ದಾಖಲೆಗಳನ್ನೆಲ್ಲ ತೆಗ್ದು ನೋಡಿ 2002ರಲ್ಲಿ ಒಂದು ಪೇಪರ್ ಬರೆದ್ರು. 1960ರ ದಶಕದಲ್ಲಿ ತೀರ್ಕೊಳ್ತಿದ್ದ ಸರಾಸರಿ ವಯಸ್ಸು 14.4, 1990ರಿಂದ ಈಚೆಗೆ ವೆಂಟಿಲೇಟರ್ ಹಾಕ್ಕೊಂಡೋರಲ್ಲಿ 25.3. ನಡುವೆ ಕಾಯಿಲೆಯೇನೂ ವಾಸಿ ಆಗ್ಲಿಲ್ಲ, ಡಿಸ್ಟ್ರೊಫಿನ್ ಅನ್ನೋ ಪ್ರೊಟೀನ್ ನಮ್ಮ ಸ್ನಾಯುಗಳಲ್ಲಿ ಆಗ್ಲೂ ಇರ್ಲಿಲ್ಲ ಈಗ್ಲೂ ಇಲ್ಲ. ಬಂದಿದ್ದು ಏನು ಅಂದ್ರೆ ಮುಖಕ್ಕೆ ಒಂದು ಮಾಸ್ಕು, ಮಂಚದ ಪಕ್ಕ ಗಾಳಿ ಒತ್ತೋ ಒಂದು ಡಬ್ಬಿ. ಆಮೇಲೆ ಸ್ಟೆರಾಯ್ಡ್, ಹಾರ್ಟಿನ ಮಾತ್ರೆ ತೊಂದ್ರೆ ಕಾಣೋ ಮುಂಚೇನೆ ಹತ್ತನೇ ವಯಸ್ಸಿನ ಹೊತ್ತಿಗೆ ಶುರು ಮಾಡೋದು, ಕೆಮ್ಮಿಸಿ ಕಫ ತೆಗೆಯೋ ಮಷಿನ್ನು, ಇದೆಲ್ಲ ಸೇರಿ ಈಗ ಮೂವತ್ತು ದಾಟಿದೋರು ಬೇಕಾದಷ್ಟು ಜನ ಇದಾರೆ, ನಲವತ್ತಾದೋರೂ ಇದಾರೆ. ಸರಾಸರಿ ಅಂದ್ಮೇಲೆ ಅದಕ್ಕಿಂತ ಮುಂಚೆ ಹೋದೋರೂ ಇರ್ತಾರೆ, ನನ್ನ ಪರಿಚಯದೋರೇ ಇದಾರೆ, ಅದನ್ನ ನಿಮ್ಮ ಹತ್ರ ಮುಚ್ಚಿಡಲ್ಲ.

ಆ ಇಪ್ಪತ್ತು ಅನ್ನೋ ನಂಬರ್ ಮನೇಲಿ ಏನು ಮಾಡತ್ತೆ ಅಂದ್ರೆ, ಎಲ್ರೂ ಅಲ್ಲಿಗೇ ನಿಂತ್ಬಿಡ್ತಾರೆ. ನನ್ನ ವಯಸ್ಸಿನ ಕಸಿನ್ಸ್‌ನ ಕೂರಿಸ್ಕೊಂಡು "ಮುಂದೆ ಏನೋ ಮಾಡ್ತೀಯ" ಅಂತ ಜೀವ ತಿನ್ನೋರು, ನನ್ನ ಕಡೆ ತಿರುಗಿದ್ರೆ "ಊಟ ಆಯ್ತಾ ಪುಟ್ಟಾ". ಗಣಿತದಲ್ಲಿ ಫೇಲ್ ಆದಾಗ ಒಬ್ರೂ ಬೈಲಿಲ್ಲ. ಆ ಬೈಯದೇ ಇದ್ದಿದ್ದು ಇದೆಯಲ್ಲ, ಅದು ರಿಪೋರ್ಟ್‌ಗಿಂತ ಚೆನ್ನಾಗಿ ಅರ್ಥ ಆಯ್ತು ನಂಗೆ. ಹಂಗಾಗಿ ಇಪ್ಪತ್ತು ಬಂತು, ಹೋಯ್ತು, ನಾನು ಇದ್ದೆ, ಕೈಯಲ್ಲಿ ಡಿಗ್ರಿ ಇಲ್ಲ, ಕೆಲಸ ಇಲ್ಲ, ಫ್ರೆಂಡ್ಸ್ ಇಲ್ಲ, ಯಾರಿಗೂ ಏನು ಮಾಡ್ಬೇಕು ಅಂತ ಗೊತ್ತಿಲ್ಲ. ನಿಮ್ಮ ತಮ್ಮ ಕಾಲೇಜ್ ಕೇಳ್ತಿದಾನೆ ಅಂದ್ರೆ ಅವ್ನು ಆಗ್ಲೇ ನನಗಿಂತ ಮುಂದಿದಾನೆ. ಆಸೆ ಹುಟ್ಸೋದು ಬೇಡ ಅಂತೀರ, ಅವ್ನಿಗೆ ಆಸೆ ಹುಟ್ಟಾಗಿದೆ ಅಲ್ವಾ!

ಈಗ ನಿಜವಾಗ್ಲೂ ತಯಾರಿ ಬೇಕಾಗಿರೋ ವಿಷ್ಯ. ಮಕ್ಕಳ ಆಸ್ಪತ್ರೇಲಿ ಎಲ್ಲ ಒಂದೇ ಕಡೆ ನಡೆಯತ್ತೆ, ಅಲ್ಲಿನೋರಿಗೆ ನಮ್ಮ ಹೆಸ್ರು ಗೊತ್ತಿರತ್ತೆ. ಹದಿನೆಂಟಾದ ಮೇಲೆ ಹಾರ್ಟ್ ಒಂದು ಕಡೆ, ಶ್ವಾಸಕೋಶ ಇನ್ನೊಂದು ಕಡೆ, ಮೂಳೆ ಮತ್ತೊಂದು ಕಡೆ, ಎಷ್ಟೋ ಡಾಕ್ಟ್ರಿಗೆ ಡುಶೆನ್ ಅಂದ್ರೆ ಪುಸ್ತಕದಲ್ಲಿ ಓದಿದ ಮಕ್ಕಳ ಕಾಯಿಲೆ, ದೊಡ್ಡ ಗಂಡಸು ಎದುರಿಗೆ ಬಂದ್ರೆ ಅವ್ರೇ ಗಲಿಬಿಲಿ ಆಗ್ತಾರೆ. ಮತ್ತೆ ಮಾತಾಡ್ಸೋದು ಯಾರನ್ನ? ಅಮ್ಮನ್ನ. "ರಾತ್ರಿ ನಿದ್ದೆ ಮಾಡ್ತಾನಾ?" ಅಂತ ಅಮ್ಮನ್ನ ಕೇಳ್ತಾರೆ, ನಿದ್ದೆ ಮಾಡೋನು ಅಲ್ಲೇ ವ್ಹೀಲ್‌ಚೇರಲ್ಲಿ ಕೂತಿರ್ತಾನೆ. ಇನ್ಮೇಲೆ ತಮ್ಮನ ಜೊತೆ ಹೋದಾಗ ಹಂಗೆ ಕೇಳಿದ್ರೆ ನೀವು ಉತ್ರ ಕೊಡ್ಬೇಡಿ, ಸುಮ್ನೆ ಅವ್ನ ಮುಖ ನೋಡಿ, ಡಾಕ್ಟ್ರೂ ಆ ಕಡೆ ತಿರುಗ್ತಾರೆ.

ಅವ್ನಿಗೇ ಬಾಯಿಪಾಠ ಇರ್ಬೇಕಾದ ಕೆಲವು ವಿಷ್ಯ ಇದಾವೆ. ಸ್ಟೆರಾಯ್ಡ್ ತಗೊಳ್ತಿದ್ರೆ ಏಕ್ದಂ ನಿಲ್ಸೋ ಹಾಗಿಲ್ಲ, ವಾಂತಿಯಾಗಿ ಮಾತ್ರೆ ಹೊಟ್ಟೇಲಿ ನಿಲ್ತಿಲ್ಲ ಅಂದ್ರೂ ಅದು ಎಮರ್ಜೆನ್ಸಿನೇ. ಆಪರೇಶನ್ ಅಂತ ಬಂದ್ರೆ ಸಕ್ಸಿನೈಲ್‌ಕೋಲಿನ್ ಅನ್ನೋ ಇಂಜೆಕ್ಷನ್ ನಮಗೆ ಕೊಡ್ಬಾರ್ದು, ಹಾರ್ಟ್ ನಿಲ್ಲೋ ಅಪಾಯ ಇದೆ, ಅನಸ್ತೇಶಿಯಾ ಡಾಕ್ಟ್ರಿಗೆ ಮೊದ್ಲೇ ಹೇಳ್ಬೇಕು. ಇನ್ನೊಂದು, ಉಸಿರಾಟಕ್ಕೆ ಕಷ್ಟ ಅಂತ ಕ್ಯಾಶುಯಲ್ಟಿಗೆ ಹೋದ್ರೆ ಮೊದ್ಲು ಆಕ್ಸಿಜನ್ ಹಚ್ತಾರೆ. ನಮ್ಮ ಸಮಸ್ಯೆ ಬಹಳ ಸಲ ಆಕ್ಸಿಜನ್ ಕಮ್ಮಿ ಅನ್ನೋದಲ್ಲ, ಎದೆ ಸ್ನಾಯು ಸೋತು ಕಾರ್ಬನ್ ಡೈಆಕ್ಸೈಡ್ ಆಚೆ ಹೋಗ್ತಿಲ್ಲ ಅನ್ನೋದು. ಬರೀ ಆಕ್ಸಿಜನ್ ಕೊಟ್ರೆ ಮಾನಿಟರಲ್ಲಿ ನಂಬರ್ ಚೆನ್ನಾಗಿ ಕಾಣತ್ತೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಾ ಹೋಗತ್ತೆ, ಮನುಷ್ಯ ಮಂಪರಿಗೆ ಹೋಗ್ತಾನೆ. ಜೊತೆಗೆ ಬೈಪ್ಯಾಪ್, ಅಂದ್ರೆ ಮಾಸ್ಕಲ್ಲಿ ಗಾಳಿ ಒತ್ತೋ ಆ ಮಷಿನ್ನು, ಬೇಕು. ಇದಿಷ್ಟನ್ನ ಒಂದು ಹಾಳೇಲಿ ಬರ್ಸಿ ಡಾಕ್ಟ್ರ ಸೈನ್ ಹಾಕ್ಸಿ ವ್ಹೀಲ್‌ಚೇರ್ ಹಿಂದೆ ಇಟ್ಟಿರ್ಲಿ, ಹಾಸ್ಟೆಲ್ ರೂಮಲ್ಲೂ ಒಂದು ಅಂಟಿಸ್ಲಿ. ಬೆಳಗ್ಗೆ ಎದ್ದ ತಕ್ಷಣ ತಲೆನೋವು, ಕ್ಲಾಸಲ್ಲಿ ತೂಕಡಿಕೆ, ಕೆಟ್ಟ ಕನಸು ಅಂತಿದ್ರೆ ಸ್ಲೀಪ್ ಸ್ಟಡಿ ಮಾಡ್ಸಿ, ಓದಿ ಸುಸ್ತಾಗಿದಾನೆ ಅಂದ್ಕೋಬೇಡಿ. ಎಕೋ (ಹಾರ್ಟಿನ ಸ್ಕ್ಯಾನ್) ವರ್ಷಕ್ಕೊಂದಾದ್ರೂ ಆಗ್ಲೇಬೇಕು, ಓಡಾಡದೇ ಇರೋರಿಗೆ ಹಾರ್ಟ್ ಸೋಲ್ತಿರೋದು ಗೊತ್ತೇ ಆಗಲ್ಲ.

ಮಲಗೋ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಕಾಲೇಜಿಗೆ ಕಳ್ಸೋದಕ್ಕೆ ನಿಮ್ಮಮ್ಮ ಹೆದರ್ತಿರೋದು ಇದಕ್ಕೇನೇ ಇರ್ಬೇಕು. ನಾವು ರಾತ್ರಿ ನಾವಾಗಿ ಮಗ್ಗುಲು ಬದಲಾಯ್ಸಕ್ಕಾಗಲ್ಲ. ನಮ್ಮಮ್ಮ ವರ್ಷಗಟ್ಟಲೆ ಎದ್ದು ತಿರುಗ್ಸಿದಾರೆ, ನಾನು ಹೂಂ ಅನ್ನೋದ್ರೊಳಗೆ ದಿಂಬು ಸರಿ ಆಗಿರ್ತಿತ್ತು, ದಿಂಬಿನ ಕೆಳಗೆ ಕಿವಿ ಮಡಚ್ಕೊಂಡಿದ್ರೆ ಕತ್ತಲಲ್ಲೇ ಬೆರಳಲ್ಲಿ ಬಿಡಿಸೋರು. ಆಮೇಲೆ ಒಬ್ಬ ಹೆಲ್ಪರ್‌ನ ಇಟ್ಕೊಂಡ್ವಿ. ಮೊದಲ ರಾತ್ರಿ ಅವ್ನು ಬಂದು ನಿಂತು "ಹೇಳಿ ಸರ್, ಹೆಂಗೆ ಮಾಡ್ಲಿ" ಅಂದ. ನಂಗೆ ಗೊತ್ತಿಲ್ಲ! ನನ್ನ ಮೈಯನ್ನ ಹೆಂಗೆ ತಿರುಗಿಸ್ತಾರೆ ಅಂತ ನನಗೇ ಗೊತ್ತಿಲ್ಲ, ಅದು ಅಮ್ಮನ ಕೈಗೆ ಮಾತ್ರ ಗೊತ್ತಿತ್ತು. ಮೊಣಕಾಲು ಮೊದ್ಲು, ಆಮೇಲೆ ಸೊಂಟ, ಭುಜ, ಕೊನೇಲಿ ತಲೆ, ಮಾಸ್ಕಿನ ಪೈಪು ಮೇಲ್ಗಡೆಯಿಂದ ಬರ್ಬೇಕು, ಕಿವಿ ನೋಡು, ಹಿಮ್ಮಡಿ ಹಾಸಿಗೆಗೆ ಒತ್ತದ ಹಾಗೆ ದಿಂಬು ಇಡು, ಇದನ್ನೆಲ್ಲ ಬಾಯಲ್ಲಿ ಹೇಳೋದು ಕಲಿಯಕ್ಕೆ ತುಂಬ ದಿನ ಹಿಡೀತು. ನಿಜ ಹೇಳ್ಬೇಕು ಅಂದ್ರೆ ನಾನು ದೊಡ್ಡೋನಾದೆ ಅಂತ ಅನ್ಸಿದ್ದು ಅಲ್ಲಿ, ಹದಿನೆಂಟು ತುಂಬಿದಾಗ ಅಲ್ಲ. ಕೈ ಬೇರೆಯವರದ್ದಾಗಿರ್ಲಿ, ಹೆಂಗೆ ಅನ್ನೋದು ನಾನು ಹೇಳಿದ್ಹಂಗೆ. ನಿಮ್ಮ ತಮ್ಮ ಕಾಲೇಜಿಗೆ ಹೋಗೋ ಮುಂಚೆ ಮನೇಲೇ ಬೇರೆ ಯಾರನ್ನಾದ್ರೂ ಇಟ್ಕೊಂಡು ಇದನ್ನ ಅಭ್ಯಾಸ ಮಾಡ್ಲಿ. ಅಮ್ಮನಿಗೆ ಬೇಜಾರಾಗತ್ತೆ, ಆಗ್ಲಿ, ಅವ್ರೂ ಎಷ್ಟೋ ವರ್ಷದಿಂದ ಸರಿಯಾಗಿ ಮಲಗಿರಲ್ಲ.

ಮನೆಯೋರು ಕೇಳದೇ ಇರೋ ಇನ್ನೊಂದು ವಿಷ್ಯ. ಸ್ಟೆರಾಯ್ಡಿಂದ ಪ್ರಾಯಕ್ಕೆ ಬರೋದು ತಡ ಆಗತ್ತೆ, ಹದಿನೇಳಕ್ಕೂ ಹನ್ನೆರಡರ ಮುಖ, ಮೀಸೆ ಇಲ್ಲ, ದನಿ ಒಡೆದಿಲ್ಲ, ಅಪರಿಚಿತರು ಬಂದು ಕೆನ್ನೆ ಹಿಂಡ್ತಾರೆ. ಅವ್ನಿಗೂ ಹಿಂಗಿದ್ರೆ ಹಾರ್ಮೋನ್ ಡಾಕ್ಟ್ರನ್ನ ನೋಡ್ಲಿ, ಟೆಸ್ಟೊಸ್ಟೆರಾನ್ ಕೊಡ್ತಾರೆ. ಈ ಕಾಯಿಲೇಲಿ ಹೋಗೋದು ಸ್ನಾಯುವಿನ ಬಲ, ಸ್ಪರ್ಶ ಅಲ್ಲ, ಆಸೆ ಅಂತೂ ಅಲ್ವೇ ಅಲ್ಲ. ಬಾಗಿಲು ಹಾಕ್ಕೊಂಡಿರಕ್ಕೆ ಅವ್ನಿಗೊಂದು ರೂಮು, ಯಾರೂ ಇಣುಕದ ಒಂದು ಫೋನು ಇರ್ಲಿ. ಇದಕ್ಕಿಂತ ಜಾಸ್ತಿ ಅಕ್ಕನ ಹತ್ರ ಹೇಳೋಕೆ ನಂಗೇ ಮುಜುಗರ.

ಸಾವಿನ ಮಾತು ಎತ್ತೋದು ಹೆಂಗೆ ಅಂತಾನೂ ಕೇಳಿದೀರ. ಅವ್ನಿಗೆ ಗೊತ್ತಿದೆ. ನಂಬಿ, ಫೋನ್ ಕೈಗೆ ಬಂದ ವರ್ಷವೇ ಹುಡ್ಕಿರ್ತಾನೆ, ನಿಮಗೆ ನೋವಾಗತ್ತೆ ಅಂತ ಹೇಳಿರಲ್ಲ, ನೀವು ಅವ್ನಿಗೆ ನೋವಾಗತ್ತೆ ಅಂತ ಹೇಳಿರಲ್ಲ. ಮಾತಾಡೋದಾದ್ರೆ ಸಾವು ಅಂತ ದೊಡ್ಡದಾಗಿ ಶುರು ಮಾಡ್ಬೇಡಿ, ನಿರ್ದಿಷ್ಟವಾಗಿ ಕೇಳಿ: ಮುಂದೆ ಮಾಸ್ಕ್ ಸಾಲದೇ ಹೋದ್ರೆ ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಹಾಕೋದಕ್ಕೆ ನಿಂಗೆ ಒಪ್ಪಿಗೆ ಇದೆಯಾ? ಇದನ್ನ ಐಸಿಯು ಬಾಗಿಲಲ್ಲಿ ನಿಂತ್ಕೊಂಡು ನಿಮ್ಮಪ್ಪ ತೀರ್ಮಾನ ಮಾಡೋ ಹಾಗಾಗ್ಬಾರ್ದು. ನಾನು ನಂದನ್ನ ಬರ್ದಿಟ್ಟಿದೀನಿ, ಒಂದ್ಸಲ ಬದಲಾಯ್ಸಿದ್ದೂ ಇದೆ. ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಕಮ್ಮಿ ಮಾಡೋ) ಡಾಕ್ಟ್ರು ಅಂದ್ರೆ ಕೊನೇ ದಿನಕ್ಕೆ ಮಾತ್ರ ಅಂತ ಮನೇಲಿ ಅಂದ್ಕೊಂಡಿದ್ರೆ ಅದೂ ಸರಿಯಲ್ಲ, ನಂಗೆ ಬೆನ್ನುನೋವಿಗೆ ಸರಿಯಾದ ದಾರಿ ಸಿಕ್ಕಿದ್ದೇ ಅಲ್ಲಿ.

ಹೊಸ ಔಷಧಿಗಳ ಬಗ್ಗೆ ಎರಡೇ ಮಾತು. 2016ರಲ್ಲಿ ಅಮೆರಿಕದಲ್ಲಿ ಮೊದಲ ಎಕ್ಸಾನ್ ಸ್ಕಿಪಿಂಗ್ ಔಷಧಿಗೆ (ಜೀನಿನ ಒಂದು ತುಂಡನ್ನ ಬಿಟ್ಟು ಮುಂದೆ ಓದೋ ಹಾಗೆ ಮಾಡೋದು), 2023ರಲ್ಲಿ ಜೀನ್ ಥೆರಪಿಗೆ ಒಪ್ಪಿಗೆ ಸಿಕ್ತು. ಎಕ್ಸಾನ್ ಸ್ಕಿಪಿಂಗ್ ಕೆಲವು ಬಗೆಯ ಮ್ಯುಟೇಶನ್‌ಗಷ್ಟೇ (ಜೀನಿನ ದೋಷಕ್ಕಷ್ಟೇ), ಜೀನ್ ಥೆರಪಿ ಶುರುವಾಗಿದ್ದೇ ನಾಲ್ಕೈದು ವರ್ಷದ ಪುಟ್ಟ ಮಕ್ಕಳಿಗೆ. ಅದು ಬರ್ಲಿ ಆಮೇಲೆ ಓದ್ಸೋಣ ಅಂತ ಕಾಯ್ಬೇಡಿ.

ನೀವು ಕೇಳದೇ ಇರೋದು, ಆದ್ರೂ ಹೇಳ್ತೀನಿ. ಇದು ಎಕ್ಸ್ ಕ್ರೋಮೋಸೋಮಲ್ಲಿ ಬರೋ ಕಾಯಿಲೆ. ನಿಮ್ಮಮ್ಮ ಕ್ಯಾರಿಯರ್ ಆಗಿದ್ರೆ, ಅಂದ್ರೆ ಆ ದೋಷದ ಜೀನ್ ಅವ್ರಲ್ಲಿದ್ರೆ, ನೀವೂ ಆಗಿರೋ ಸಾಧ್ಯತೆ ಅರ್ಧಕ್ಕರ್ಧ. ತಮ್ಮನ ಮ್ಯುಟೇಶನ್ ರಿಪೋರ್ಟ್ ಇಟ್ಕೊಂಡು ಒಂದು ರಕ್ತಪರೀಕ್ಷೆ ಮಾಡ್ಸಿ. ಮಕ್ಕಳ ವಿಷ್ಯಕ್ಕೆ ಮಾತ್ರ ಅಲ್ಲ, ಕ್ಯಾರಿಯರ್ ಹೆಂಗಸರಿಗೂ ಹಾರ್ಟ್ ತೊಂದ್ರೆ ಬರಬಹುದು, ನಿಮಗೂ ಅಮ್ಮನಿಗೂ ಎಕೋ ಆಗ್ಬೇಕು. ತಮ್ಮನ ಓಡಾಟದಲ್ಲಿ ಅಕ್ಕಂದಿರದ್ದು ಯಾವಾಗ್ಲೂ ಹಿಂದೆ ಬೀಳತ್ತೆ.

ಯಾವ ಕೋರ್ಸ್ ಅಂತ ಬರ್ದಿಲ್ಲ. ಕಂಪ್ಯೂಟರ್ ಕೆಲಸ ಜಾಸ್ತಿ ಇರೋದಾದ್ರೆ ಬೆರಳಲ್ಲಿ ಎಷ್ಟು ಬಲ ಉಳಿದಿದೆ ಅನ್ನೋದ್ರ ಮೇಲೆ ಯಾವ ಮೌಸ್, ಯಾವ ಜಾಯ್‌ಸ್ಟಿಕ್, ಪರೀಕ್ಷೇಲಿ ಬರೆಯೋಕೆ ಸಹಾಯಕರನ್ನ ಕೇಳೋದು ಹೆಂಗೆ ಅಂತ ನಾನು ಹೇಳಬಲ್ಲೆ. ಆದ್ರೆ ಅದನ್ನ ನೀವು ಕೇಳ್ಬೇಡಿ, ಅವ್ನಿಗೇ ಹೇಳಿ ನಂಗೆ ಮೆಸೇಜ್ ಹಾಕಕ್ಕೆ.