ಅಕ್ಕಾ, ಆ ‘ತೆರಿಗೆ’ ಕಟ್ಟಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ

ಅಕ್ಕಾ, ವಾಟ್ಸ್‌ಆ್ಯಪ್ ಗುಂಪಿನವರು ಹೇಳಿದ ಷೇರು ಆ್ಯಪ್‌ನಲ್ಲಿ 3 ಲಕ್ಷ ಲಾಭ ತೋರಿಸ್ತಿದೆ, ತೆಗೆಯೋಕೆ ಹೋದರೆ ಮೊದಲು ತೆರಿಗೆ ಕಟ್ಟಿ ಅಂತಿದ್ದಾರೆ, ಸೆಬಿಗೆ (ಷೇರುಪೇಟೆಯ ಸರ್ಕಾರಿ ನಿಯಂತ್ರಕ ಸಂಸ್ಥೆ) ದೂರು ಕೊಟ್ಟರೆ ದುಡ್ಡು ಬರುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. ಷೇರಿನ ಲಾಭದ ತೆರಿಗೆಯನ್ನು ನಾವು ಕಟ್ಟೋದು ಆದಾಯ ತೆರಿಗೆ ಇಲಾಖೆಗೆ. ನಮ್ಮದೇ ದುಡ್ಡು ಬಿಡಿಸಿಕೊಳ್ಳೋಕೆ ಯಾರದೋ ಖಾತೆಗೆ ಮುಂಗಡ ತೆರಿಗೆ ಹಾಕುವ ಪದ್ಧತಿಯೇ ಇಲ್ಲ. ಪರದೆ ಮೇಲಿನ 3 ಲಕ್ಷ ಬರೀ ಅಂಕಿ. ನೀವು ಹಾಕಿದ ಅಸಲು ಮಾತ್ರ ನಿಜ, ಅದರಲ್ಲಿ ಎಷ್ಟು ಉಳಿಯುತ್ತೆ ಅನ್ನೋದು ನೀವು ಎಷ್ಟು ಬೇಗ ಓಡ್ತೀರಿ ಅನ್ನೋದರ ಮೇಲಿದೆ.

ಇದನ್ನು ಓದಿದ ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಕಳಿಸಿದ ದಿನಾಂಕ, ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ಯಾವ ಖಾತೆಗೆ ಹೋಯ್ತು, ಇಷ್ಟನ್ನು ಎದುರಿಗೆ ಇಟ್ಟುಕೊಂಡಿರಿ. ಆ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆಹಿಡಿಸಬಹುದು. ನಿಮ್ಮ ಬ್ಯಾಂಕಿಗೂ ತಿಳಿಸಿ. ಆ ವಾಟ್ಸ್‌ಆ್ಯಪ್ ಗುಂಪಿನಿಂದ ಸಿಟ್ಟಲ್ಲಿ ಹೊರಗೆ ಬಂದುಬಿಡಬೇಡಿ. ಮೊದಲು ಮಾತುಕತೆ, ನಂಬರ್‌ಗಳು, ಆ್ಯಪ್‌ನ ಪರದೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಸೆಬಿಯ ಆನ್‌ಲೈನ್ ದೂರು ತಾಣವಾದ ಸ್ಕೋರ್ಸ್‌ಗೆ ಯಾಕೆ ಮೊದಲು ಕಳಿಸ್ತಿಲ್ಲ ಅಂದರೆ, ಅದು ಸೆಬಿಯಲ್ಲಿ ನೋಂದಾಯಿಸಿಕೊಂಡ ಬ್ರೋಕರ್, ಮ್ಯೂಚುವಲ್ ಫಂಡ್, ಷೇರುಪೇಟೆಯಲ್ಲಿರುವ ಕಂಪನಿ ಇಂಥವರ ಮೇಲಿನ ದೂರಿಗೆ. ಊರು ಹೆಸರು ಇಲ್ಲದ ಕಳ್ಳನ ಹತ್ತಿರ ಸೆಬಿ ಉತ್ತರ ಕೇಳೋದು ಹೇಗೆ? ಅಲ್ಲಿ ದೂರು ಹಾಕಿ ಕಾಯುತ್ತಾ ಕೂತರೆ ಅಷ್ಟರಲ್ಲಿ ದುಡ್ಡು ಹತ್ತು ಕೈ ದಾಟಿರುತ್ತೆ.

ಎದುರಿಗಿರೋದು ನೋಂದಾಯಿತ ಬ್ರೋಕರೇ ಆಗಿದ್ದರೆ ದಾರಿ ಬೇರೆ. ಅದು ನನಗೇ ಆದ ಅನುಭವ. ನಮ್ಮ ಬ್ರೋಕರ್ ಕಚೇರಿಯ ಡೀಲರ್ (ಗ್ರಾಹಕರ ಪರವಾಗಿ ಆರ್ಡರ್ ಹಾಕುವ ಸಿಬ್ಬಂದಿ) ಒಬ್ಬರು ‘ಸಾರ್, ಖಾತೆ ಅಪ್‌ಡೇಟ್ ಮಾಡ್ಬೇಕು, ಒಂದು ಓಟಿಪಿ ಬರುತ್ತೆ ಹೇಳಿ’ ಅಂದರು, ನಾನು ಹೇಳಿಬಿಟ್ಟೆ. ಸಂಜೆ ಮೇಲ್‌ಗೆ ಬಂದ ಕಾಂಟ್ರಾಕ್ಟ್ ನೋಟ್ (ಆ ದಿನದ ವಹಿವಾಟಿನ ಲೆಕ್ಕದ ಚೀಟಿ) ತೆರೆದರೆ ನಾನು ಮುಟ್ಟೇ ಇರದ ಆಪ್ಷನ್ಸ್ (ಷೇರಿನ ಮುಂದಿನ ಬೆಲೆ ಮೇಲಿನ ಒಪ್ಪಂದ) ವಹಿವಾಟು ಸಾಲಾಗಿ ಕೂತಿತ್ತು. ಒಂದೊಂದಕ್ಕೂ ದಲ್ಲಾಳಿ ಶುಲ್ಕ. ಕೇಳಿದರೆ ‘ನೀವೇ ಹೇಳಿದ್ರಲ್ಲಾ ಸಾರ್’ ಅಂದರು. ಆಗ ನನ್ನ ಕೈ ಹಿಡಿದದ್ದು 2018ರ ಸೆಬಿ ನಿಯಮ. ಆರ್ಡರ್ ಗ್ರಾಹಕರೇ ಕೊಟ್ಟರು ಅನ್ನೋದಕ್ಕೆ ಪುರಾವೆಯನ್ನು ಬ್ರೋಕರೇ ಇಟ್ಟಿರಬೇಕು: ಫೋನ್ ರೆಕಾರ್ಡಿಂಗೋ, ಇಮೇಲೋ, ಸಹಿ ಮಾಡಿದ ಕಾಗದವೋ. ತಕರಾರು ಬಂದರೆ ಅದನ್ನು ತೋರಿಸುವ ಹೊಣೆಯೂ ಅವರದೇ. ‘ಆ ದಿನದ ರೆಕಾರ್ಡಿಂಗ್ ಕೊಡಿ’ ಅಂತ ಒಂದೇ ಸಾಲಿನ ಮೇಲ್ ಹಾಕಿದೆ. ಅಲ್ಲಿಂದ ಅವರ ದನಿಯೇ ಬದಲಾಯ್ತು.

ಕ್ರಮ ಹೀಗೆ. ಮೊದಲು ಬ್ರೋಕರ್‌ನ ದೂರು ವಿಭಾಗಕ್ಕೆ ಬರಹದಲ್ಲೇ ಕೊಡಿ, ಫೋನಿನ ಮಾತು ಲೆಕ್ಕಕ್ಕಿಲ್ಲ. ಸರಿಹೋಗದಿದ್ದರೆ ಸ್ಕೋರ್ಸ್. ಘಟನೆ ಆಗಿ ಒಂದು ವರ್ಷದೊಳಗೆ ಹಾಕಬೇಕು. ಬ್ರೋಕರ್ 21 ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರ ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ತುಂಬಾ ಜನ ಇಲ್ಲೇ ಸುಸ್ತಾಗಿ ಬಿಟ್ಟುಬಿಡ್ತಾರೆ, ಬಿಡಬೇಡಿ. ಅಲ್ಲೂ ಆಗದಿದ್ದರೆ 2023ರಲ್ಲಿ ಶುರುವಾದ ಸ್ಮಾರ್ಟ್ ಓಡಿಆರ್ ಅನ್ನೋ ಆನ್‌ಲೈನ್ ವ್ಯಾಜ್ಯ ಪರಿಹಾರ ತಾಣ ಇದೆ. ಮೊದಲು ರಾಜಿ ಸಂಧಾನ, ಅದು ಮುರಿದರೆ ಮಧ್ಯಸ್ಥಿಕೆ (ಆರ್ಬಿಟ್ರೇಷನ್), ಎಲ್ಲ ಆನ್‌ಲೈನ್‌ನಲ್ಲೇ. ದೂರು ಬರೆಯುವಾಗ ನೋವು ತೋಡಿಕೊಳ್ಳೋದು ಕಡಿಮೆ ಮಾಡಿ ದಿನಾಂಕ, ಷೇರಿನ ಹೆಸರು, ಮೊತ್ತ ಬರೆಯಿರಿ, ಕಾಂಟ್ರಾಕ್ಟ್ ನೋಟ್ ಲಗತ್ತಿಸಿ.

ಇನ್ನು ಮುಂದಕ್ಕೆ ಯಾರು ಕರೆದರೂ ನೋಂದಣಿ ಸಂಖ್ಯೆ ಕೇಳಿ, ಸೆಬಿ ತಾಣದಲ್ಲಿ ನೀವೇ ಹುಡುಕಿ. ಅವರು ಕಳಿಸಿದ ಲಿಂಕಿನಲ್ಲಿ ನೋಡಬೇಡಿ, ಪ್ರಮಾಣಪತ್ರವೂ ನಕಲಿ ಇರುತ್ತೆ. 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರ್‌ಗಳಿಗೆ ‘ವ್ಯಾಲಿಡ್’ ಅನ್ನೋ ಪದ ಸೇರಿದ ಯುಪಿಐ ವಿಳಾಸ ಬಂದಿದೆ. ಹಣ ಹಾಕುವಾಗ ಹಸಿರು ತ್ರಿಕೋನದಲ್ಲಿ ಮೇಲೆತ್ತಿದ ಹೆಬ್ಬೆರಳಿನ (ಥಮ್ಸ್ ಅಪ್) ಚಿತ್ರ ಕಾಣುತ್ತೆ. ವ್ಯಕ್ತಿಯೊಬ್ಬರ ಹೆಸರಿನ ಖಾತೆಗೆ ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ. ಷೇರು ಇಡುವ ಡಿಮ್ಯಾಟ್ ಖಾತೆಗೆ ನಿಮ್ಮದೇ ಮೊಬೈಲ್, ನಿಮ್ಮದೇ ಮೇಲ್ ಇರಲಿ, ಏಜೆಂಟರದ್ದಲ್ಲ. ನಮ್ಮ ಷೇರುಗಳ ದಾಖಲೆ ಇಡುವ ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಸಂಸ್ಥೆಗಳು ಕಳಿಸುವ ಸ್ಟೇಟ್‌ಮೆಂಟನ್ನು ಬ್ರೋಕರ್ ಆ್ಯಪ್ ತೋರಿಸೋದರ ಜೊತೆ ತಾಳೆ ನೋಡಿ.

ಇನ್ನೊಂದು ಮಾತು ಅಕ್ಕಾ. ಕೆಲವೇ ದಿನದಲ್ಲಿ ‘ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸ್ ಆಗುತ್ತೆ’ ಅಂತ ವಕೀಲರ, ಪೊಲೀಸರ ಹೆಸರಲ್ಲಿ ಕರೆ ಬರಬಹುದು. ಒಮ್ಮೆ ಮೋಸ ಹೋದವರ ನಂಬರ್ ಆ ಕಳ್ಳರ ಕೈಯಲ್ಲೇ ಇರುತ್ತೆ. ಎತ್ತಬೇಡಿ. 1930ರವರು ಕೊಡುವ ದೂರಿನ ಸಂಖ್ಯೆ ಸಿಕ್ಕ ಮೇಲೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಪೊಲೀಸ್ ದೂರಿನ ಕರಡು ಒಟ್ಟಿಗೆ ಕೂತು ಬರೆಯೋಣ. ಖಾತೆ ನಂಬರ್ ಮಾತ್ರ ನಮ್ಮ ಈ ಗುಂಪಿನಲ್ಲಿ ಹಾಕಬೇಡಿ.